ಹೊರಟ ದಾರಿಯಿಂದ ಹಿಂದಿರುಗಿದ ಬಗ್ಗೆ

ಇಂದು 1917ನೇ ಇಸವಿ ಜನವರಿ 12. ಈ ತಿಂಗಳ 9ರಂದು ರಾಜವಂಶದ ಬಾಲಕಿ ಯೆವ್‌ಪ್ರಾಕ್ಸಿಯಾಳಿಗೆ ಗಂಟಲುಮಾರಿಯ (ಡಿಫ್ತೀರಿಯಾ) ಸೀರಮ್ ಚುಚ್ಚುಮದ್ದು ಕೊಡುವುದು ಏಕೆ ತಡವಾಯಿತು, ಕಡೆಗೆ ಅದನ್ನು ಹೇಗೆ ಕೊಡಲಾಯಿತು ಎಂಬುದನ್ನು ದಾಖಲಿಸುವುದಷ್ಟೇ ಈ ಹೇಳಿಕೆಯ ಉದ್ದೇಶ.

ನನ್ನ ಹೆಸರು ಗ್ಲಾಫಿರಾ ಅರ್ಸೆನ್ಯೆವ್ನಾ ಲಾದಿಗಿನಾ. ವಯಸ್ಸು 22. ಮಹಿಳಾ ವೈದ್ಯಕೀಯ ತರಗತಿಯ ನಾಲ್ಕನೇ ವರ್ಷದ ವಿದ್ಯಾರ್ಥಿನಿ. ಕಳೆದ ಮೂರು ವರ್ಷವೂ ತರಗತಿಗೆ ಮೊದಲನೆಯವಳು. ವಾಸ ಪೆಟ್ರೊಗ್ರಾಡ್ ನಗರದ ವಾಸಿಲ್ಯೆವ್‌ಸ್ಕಿ ದ್ವೀಪ. ಅಕ್ಟೋಬರಿನಿಂದ ಮೊಯ್ಕಾ ದಂಡೆಯ ಅರಮನೆಯಲ್ಲಿ ಸದರಿ ಬಾಲಕಿಯ ಆರೋಗ್ಯ ನೋಡಿಕೊಳ್ಳುತ್ತಿದ್ದೇನೆ. ಠಾಣಾಧಿಕಾರಿಗಳ ಮುಂದೆ ನಾನಾಗಿಯೇ ಬಂದು ಹೇಳುವ ಸಂಗತಿಗಳು ಹೀಗಿವೆ.

ಬಾಲಕಿಗೆ ಒಂಬತ್ತು ವರ್ಷ. ಮನೆಯಲ್ಲಿ ಪ್ರಾಶಾ ಎಂದು ಕರೆಯುತ್ತಾರೆ. ತಂದೆ ದೊರೆಗಳು ಯುದ್ಧರಂಗದಲ್ಲಿದ್ದಾರೆ. ತಾಯಿ ದೊರೆಸಾನಿ ಝಿನೈದಾ ಲ್ವೊವ್ನಾ ಅವರು ಪಾಂಫಿಲ್ ಎಂಬ ಹಳ್ಳಿಯ ಮುದುಕನನ್ನು ಎರಡು ವರ್ಷದಿಂದ ಮನೆಯಲ್ಲಿ ಇರಿಸಿಕೊಂಡಿದ್ದಾರೆ. ಆತ ಕೈಯಿಟ್ಟು ಅವರ ತಲೆನೋವನ್ನು ಕಳೆದನೆಂಬುದು ಮನೆಯವರ ಮಾತು. ಅಂದಿನಿಂದ ಯಾರನ್ನು ಕೆಲಸಕ್ಕೆ ಇಟ್ಟುಕೊಳ್ಳಬೇಕು, ಯಾವ ದಿನ ಪಯಣ ಹೊರಡಬೇಕು, ಯಾವ ಸೇನಾಪತಿಯನ್ನು ದೊರೆಗಳು ನಂಬಬಾರದು ಎಂಬುದೆಲ್ಲ ಆತನ ಬಾಯಿಂದಲೇ ಬರಬೇಕು. ಆತ ಎಲ್ಲರನ್ನೂ ಏಕವಚನದಲ್ಲೇ ಮಾತಾಡಿಸುತ್ತಾನೆ. ದೊರೆಗಳ ತಮ್ಮ ವದೀಮ್ ಅವರಿಗೆ ಆತನನ್ನು ಕಂಡರಾಗದು.

ಏಳನೆಯ ತಾರೀಕು ಪ್ರಾಶಾಳಿಗೆ ಜ್ವರ ಬಂತು. ಎಂಟರಂದು ಗಂಟಲಿನಲ್ಲಿ ಬೂದುಬಣ್ಣದ ಪೊರೆ ಕಂಡೆ. ಯುದ್ಧದ ದೆಸೆಯಿಂದ ಸೀರಮ್ ಎಲ್ಲಿಯೂ ಇರಲಿಲ್ಲ. ಮೂರು ಆಸ್ಪತ್ರೆ ಅಲೆದು, ಒಂಬತ್ತರ ಬೆಳಗ್ಗೆ ಒಂದೇ ಒಂದು ಸೀಸೆ ತಂದೆ. ಕೆಡದಂತೆ ತಣ್ಣಗಿರಲೆಂದು ಅದನ್ನು ಪೆಟ್ಟಿಗೆ ಸಮೇತ ಮಗುವಿನ ಕೋಣೆಯ ಕಿಟಕಿಯ ಜೋಡಿ ಗಾಜುಗಳ ನಡುವಿನ ಸಂದಿಯಲ್ಲಿ, ಬೆಣ್ಣೆಯ ಡಬ್ಬಿಯ ಪಕ್ಕದಲ್ಲಿ ಇಟ್ಟು, ಸಿರಿಂಜನ್ನು ಕುದಿಸಲು ಹೋದೆ.

ಮರಳಿ ಬಂದಾಗ ಪಾಂಫಿಲ್ ಹಾಸಿಗೆಯ ಬಳಿ ನಿಂತಿದ್ದ. ‘ಚುಚ್ಚಬೇಡ ಅಂದೋರ್ಯಾರು? ಆದ್ರೆ ಈ ಗೋಡೆಗಳ ಒಳಗೆ ಬೇಡ. ಈ ಮನೇಲಿ ಸಾವು ಚಕ್ಕಳಮಕ್ಕಳ ಹಾಕ್ಕೊಂಡು ಕೂತಿದೆ. ಮಗೂನ ಲಾದೊಗಾ ಮಠಕ್ಕೆ ಎತ್ಕೊಂಡು ಹೋಗೋಣ, ಅಲ್ಲಿ ಚುಚ್ಚು’ ಎಂದು ನನಗೆ ಹೇಳಿದ. ಅಲ್ಲಿಗೆ ತಲುಪುವುದು ರಾತ್ರಿಯಾಗುತ್ತದೆ, ಅಷ್ಟರೊಳಗೆ ಉಸಿರಿನ ದಾರಿ ಮುಚ್ಚಿಹೋಗಬಹುದು ಎಂದು ನಾನು ತಿಳಿಸಿದೆ. ‘ಓದಿದೋಳೇ, ಗಡಿಯಾರ ನೋಡ್ಕೊಂಡು ಉಸಿರಾಡ್ತೀಯೇನು ನೀನು?’ ಎಂದು ಆತ ಕೇಳಿದ. ಕೆಲಸದವರು ನಕ್ಕರು. ದೊರೆಸಾನಿಯವರು ನಗಲಿಲ್ಲ, ಗಾಡಿ ಕಟ್ಟಲು ಹೇಳಿದರು. ಪೆಟ್ಟಿಗೆಯನ್ನು ಬುಟ್ಟಿಗೆ ಹಾಕಿಕೊಳ್ಳುವಂತೆ ದಾದಿ ಮಾವ್ರಾಗೆ ಹೇಳಿ, ನಾನು ಸಿರಿಂಜನ್ನು ಜೇಬಿಗೆ ಹಾಕಿಕೊಂಡು ಮಗುವಿಗೆ ಕಂಬಳಿ ಸುತ್ತಿದೆ.

ಹೊರಡುವ ಮುನ್ನ ಪದ್ಧತಿಯಂತೆ ಎಲ್ಲರೂ ಪಡಸಾಲೆಯಲ್ಲಿ ಕುಳಿತೆವು. ಆ ಹೊತ್ತಿನಲ್ಲಿ ಯಾರೂ ಮಾತಾಡಬಾರದು. ಎದ್ದ ಮೇಲೆ ಯಾರೂ ಹಿಂದಿರುಗಬಾರದು. ಪಾಂಫಿಲ್ ಶಿಲುಬೆಯ ಗುರುತು ಮಾಡಿ ಮೊದಲು ಎದ್ದ. ಎರಡು ಹಿಮಗಾಡಿಗಳಲ್ಲಿ ನದಿಯಾಚೆಯ ಫಿನ್‌ಲೆಂಡ್ ರೈಲು ನಿಲ್ದಾಣಕ್ಕೆ ಹೊರಟೆವು. ಮಗು, ದೊರೆಸಾನಿ, ಪಾಂಫಿಲ್ ಮುಂದಿನದರಲ್ಲಿ. ನಾನು, ಮಾವ್ರಾ ಹಿಂದಿನದರಲ್ಲಿ.

ಎರಡನೆಯ ತಿರುವು ದಾಟುವಾಗ ಮಾವ್ರಾ ಅಳತೊಡಗಿದಳು. ‘ಅಮ್ಮಣ್ಣಿ, ಪೆಟ್ಟಿಗೆ ಕಿಟಕೀಲೇ ಉಳೀತು. ಎಲ್ಲಾರೂ ಕೂತಾಗ ನೆನಪಾಯ್ತು. ಅವಾಗ ಬಾಯಿ ಬಿಡೋಕಾಗುತ್ತಾ? ಎದ್ದ ಮೇಲೆ ಒಳಗೆ ಹೋಗೋಕಾಗುತ್ತಾ? ನೀವೇ ಹೇಳಿ’ ಎಂದಳು.

ನಾನು ಕೂಗಿ ಮುಂದಿನ ಗಾಡಿಯನ್ನು ನಿಲ್ಲಿಸಿದೆ. ಮಗುವಿನ ಉಸಿರು ಗರಗಸದಂತೆ ಕೇಳುತ್ತಿತ್ತು. ಸಂಗತಿ ತಿಳಿಸಿ, ಮನೆಗೆ ಹಿಂದಿರುಗಲು ಅಪ್ಪಣೆ ಕೇಳಿದೆ. ದೊರೆಸಾನಿಯವರು ಪಾಂಫಿಲ್‌ನ ಮುಖ ನೋಡಿದರು. ‘ಹಿಂದಕ್ಕೆ ಹೋದ್ರೆ ಮಗು ಉಳಿಯಲ್ಲ. ನಡಿಯಪ್ಪ’ ಎಂದು ಆತ ಗಾಡಿಯವನಿಗೆ ಹೇಳಿದ. ‘ಬೇಡ ಗ್ಲಾಫಿರಾ, ಹೊರಟಾಯ್ತಲ್ಲ’ ಎಂದು ದೊರೆಸಾನಿಯವರು ಹೇಳಿದರು. ಅವರು ಸಿಟ್ಟಾಗಿರಲಿಲ್ಲ, ಬೇಡಿಕೊಳ್ಳುತ್ತಿದ್ದರು. ಗಾಡಿಗಳು ಚಲಿಸಿದವು. ನಾನು ಹಿಮಕ್ಕೆ ಧುಮುಕಿ ಅರಮನೆಯತ್ತ ಓಡಿದೆ.

ಸೀಸೆಯಲ್ಲಿದ್ದ ಸೀರಮ್ ಹೆಪ್ಪುಗಟ್ಟಿರಲಿಲ್ಲ. ಸೀಸೆಯನ್ನು ಕೋಟಿನೊಳಗೆ ಮೈಗೆ ತಾಗಿಸಿ ಇಟ್ಟುಕೊಂಡೆ. ಹೊರಬರುವಾಗ ಪಡಸಾಲೆಯ ಕನ್ನಡಿಯ ಮುಂದೆ ನಿಂತು ಮುಖ ನೋಡಿಕೊಂಡೆ. ಹಿಂದಿರುಗಿದವರು ಕನ್ನಡಿ ನೋಡಿಯೇ ಮತ್ತೆ ಹೊರಡಬೇಕೆಂದು ನನ್ನ ಅಜ್ಜಿ ಕಲಿಸಿದ್ದರು.

ಬಾಡಿಗೆ ಗಾಡಿಯವನು ಲಿತೇಯ್ನಿ ಸೇತುವೆಯ ಹೆಸರು ಕೇಳಿ ನಕ್ಕ. ‘ಇವತ್ತು ಮುಷ್ಕರ, ಅಮ್ಮಣ್ಣಿ. ಅಲ್ಲಿ ಕುದುರೇನೂ ಬಿಡಲ್ಲ, ಕತ್ತೇನೂ ಬಿಡಲ್ಲ. ನಾವಿಬ್ರೂ ಹೋಗಿ ಏನ್ಮಾಡೋಣ?’ ಎಂದ. ದುಪ್ಪಟ್ಟು ಬಾಡಿಗೆಯ ಆಸೆಗೆ ಸೇತುವೆಯ ತುದಿಯವರೆಗೆ ಬಂದ. ನಮ್ಮ ಗಾಡಿಗಳು ದಾಟಿದ ಬಳಿಕ ಪೊಲೀಸ್ ಸವಾರರು ಅಲ್ಲಿ ದಾರಿ ಕಟ್ಟಿದ್ದರು. ಒಬ್ಬನು ನನ್ನ ಕೋಟಿನ ಉಬ್ಬು ನೋಡಿ, ‘ಕಾಲೇಜು ಹುಡುಗೀನಾ? ಬಾಂಬೇನೂ ಅಲ್ಲ ತಾನೆ?’ ಎಂದು ಕೇಳಿ ಹಿಂದಕ್ಕೆ ಕಳಿಸಿದ.

ಅಲ್ಲೇ ಬ್ರೆಡ್ ಅಂಗಡಿಯ ಮುಂದೆ ಹೆಂಗಸರ ಸಾಲಿತ್ತು. ನದಿಗೆ ಇಳಿಯುವ ದಾರಿ ಎಲ್ಲಿ, ಮಗುವಿಗೆ ಔಷಧಿ ಒಯ್ಯಬೇಕು ಎಂದು ಕೇಳಿದೆ. ಯಾರ ಮಗು ಎಂದು ಒಬ್ಬಾಕೆ ವಿಚಾರಿಸಿದಳು. ನಿಜ ಹೇಳಿದೆ. ‘ಓಹೋ, ಅರಮನೆಗೂಸು. ನನ್ನ ಕೂಸು ಹೋದ ತಿಂಗಳು ಹಿಂಗೇ ಗೊರಗೊರ ಅಂತ ಹೋಯ್ತು. ಅವತ್ತು ಯಾರವ್ವಾ ಓಡಿದ್ರು?’ ಎಂದಳು. ಆಕೆಯೇ ನನ್ನ ತೋಳು ಹಿಡಿದು ತಿರುಗಿಸಿ, ‘ಆ ಮೆಟ್ಟಲಿಳಿ. ಮಂಜುಗಡ್ಡೆ ಮೇಲೆ ಫರ್ ಮರದ ಕೊಂಬೆ ನೆಟ್ಟಿದಾರೆ ನೋಡು, ಅದರ ಗುರುತು ಹಿಡ್ಕೊಂಡು ಓಡು’ ಎಂದಳು.

ಹೆಪ್ಪುಗಟ್ಟಿದ ನೆವಾ ನದಿಯ ಮೇಲೆ ಓಡಿದೆ. ಒಮ್ಮೆ ಜಾರಿದೆ, ಸೀಸೆ ಉಳಿಯಲೆಂದು ಮೊಣಕೈ ಊರಿ ಬಿದ್ದೆ. ನನಗೆ ಭಯವಾಗಲಿಲ್ಲ. ಅಷ್ಟೊಂದು ಸಂತೋಷದಿಂದ ನಾನು ಹಿಂದೆಂದೂ ಓಡಿರಲಿಲ್ಲ ಎಂಬುದೂ ನಿಜವಾದ್ದರಿಂದ ಅದನ್ನೂ ಬರೆಸುತ್ತಿದ್ದೇನೆ.

ಫಿನ್‌ಲೆಂಡ್ ನಿಲ್ದಾಣದಲ್ಲಿ ರೈಲು ಇನ್ನೂ ನಿಂತಿತ್ತು. ಪಾಂಫಿಲ್ ದೊರೆಗಳ ಬೋಗಿಯ ಮೆಟ್ಟಲ ಮೇಲೆ ಕುಳಿತು, ಒಂದು ಕಾಲನ್ನು ಪ್ಲಾಟ್‌ಫಾರ್ಮಿಗೆ ಊರಿದ್ದ. ‘ಈ ಮುದುಕ ಕಾಲೇ ತೆಗೀತಿಲ್ಲ, ಬಾವುಟ ಹೇಗೆ ತೋರಿಸಲಿ?’ ಎಂದು ಸ್ಟೇಷನ್ ಮಾಸ್ಟರು ಗೊಣಗುತ್ತಿದ್ದರು. ಹಿಂದಿರುಗಬೇಡವೆಂದವನು ಏಕೆ ಕಾದನೆಂಬುದು ನನಗೆ ತಿಳಿಯದು. ಆತ ಕೇಳಿದ್ದು ಒಂದೇ ಮಾತು: ‘ಕನ್ನಡಿ ನೋಡ್ಕೊಂಡ್ಯಾ?’ ನೋಡಿಕೊಂಡೆ ಎಂದೆ. ‘ಹಾಗಾದ್ರೆ ಹತ್ತು’ ಎಂದು ಕಾಲು ತೆಗೆದ.

ಪ್ರಾಶಾಳ ತುಟಿ ನೀಲಿಯಾಗಿತ್ತು. ಸೂಜಿ ಕಂಡೊಡನೆ ಕೈಕಾಲು ಬಡಿಯತೊಡಗಿದಳು. ಬಡಿದಷ್ಟೂ ಉಸಿರು ಕಟ್ಟುತ್ತಿತ್ತು. ತಾಯಿಗೂ ದಾದಿಗೂ ಹಿಡಿಯಲಾಗಲಿಲ್ಲ. ನನ್ನಿಂದಲೂ ಆಗಲಿಲ್ಲ. ಆಗ ಪಾಂಫಿಲ್ ಅವಳ ಮುಖವನ್ನು ಎರಡು ಅಂಗೈಗಳಲ್ಲಿ ತೆಗೆದುಕೊಂಡು, ‘ಪ್ರಾಶಾ, ಗುಬ್ಬಚ್ಚಿ, ಈ ಅಕ್ಕನ ಮೂಗು ನೋಡೇ, ಬೀಟ್‌ರೂಟ್ ಆಗ್ಬಿಟ್ಟಿದೆ. ನದಿ ಮೇಲೆ ನಡ್ಕೊಂಡು ಬಂದವಳೆ ನಿನಗೋಸ್ಕರ’ ಎಂದ. ಮಗು ನನ್ನ ಮೂಗು ನೋಡಿತು. ಅದರ ಮೈ ಸಡಿಲವಾಯಿತು. ಸೂಜಿ ತೊಡೆಗೆ ಇಳಿಯಿತು.

ಮಗುವನ್ನು ಅಲುಗಿಸಬಾರದೆಂದು ನಾನು ಹೇಳಿದ್ದರಿಂದ ನಮ್ಮ ಬೋಗಿಯನ್ನು ಕಳಚಿ ನಿಲ್ದಾಣದಲ್ಲೇ ಬಿಟ್ಟು ರೈಲು ಹೋಯಿತು. ಮರುದಿನ ಸಂಜೆಯ ಹೊತ್ತಿಗೆ ಗಂಟಲ ಪೊರೆ ಬಿಡತೊಡಗಿತು. ಹನ್ನೊಂದರಂದು ಮಗುವನ್ನು ಅರಮನೆಗೆ ಕರೆತಂದೆವು. ಹೃದಯಕ್ಕೆ ಇನ್ನೂ ಅಪಾಯವಿದೆ. ಬಳಿಯಲ್ಲೇ ಇದ್ದು ನಾಡಿ ನೋಡುವವರು ಬೇಕು.

ಇಷ್ಟನ್ನು ಬರೆದುಕೊಂಡ ಮೇಲೆ, ಪಾಂಫಿಲ್ ಚಿಕಿತ್ಸೆಗೆ ಅಡ್ಡಬಂದನೆಂದು ದೂರು ಕೊಟ್ಟ ವದೀಮ್ ಅವರು ಈ ಕೋಣೆಗೇ ಬಂದು, ಮುದುಕ ಸೈಬೀರಿಯಾಕ್ಕೆ ಗಡಿಪಾರಾಗಬೇಕಾದರೆ ಆತ ಮಗುವನ್ನು ಸಮಾಧಾನಪಡಿಸಿದ ಸಾಲು ಇರಕೂಡದು ಎಂದರು. ಹೊರಗೆ ಬೆಂಚಿನ ಮೇಲಿದ್ದ ಮಾವ್ರಾ, ‘ಮಗು ನಿಮ್ಮನ್ನೇ ಕೇಳ್ತಿದೆ, ಅಮ್ಮಣ್ಣಿ. ಅಜ್ಜಯ್ಯ ಹಿಂದೆ ಹೋಗ್ಬೇಡ ಅಂದಿದ್ದೊಂದು ಸಾಲು ಹೊಡೆದುಹಾಕ್ಬಿಡಿ, ಸಂಜೆಗೇ ಬಂದ್ಬಿಡಿ. ಇಲ್ದಿದ್ರೆ ನಿಮಗೆ ಬಾಗಿಲು ತೆಗೀಬೇಡಿ ಅಂದವ್ರೆ ದೊರೆಸಾನಿ’ ಎಂದಳು. ಠಾಣಾಧಿಕಾರಿಗಳು, ‘ಕನ್ನಡಿ ವಿಷ್ಯನಾದ್ರೂ ಬಿಡಮ್ಮ, ನಾಳೆ ಡಾಕ್ಟರಾಗೋಳು ನೀನು’ ಎಂದು ನನ್ನ ಒಳಿತಿಗಾಗಿಯೇ ಹೇಳಿದರು.

ಮೇಲಿನದನ್ನೆಲ್ಲ ನನಗೆ ಓದಿ ಹೇಳಿದ್ದಾರೆ. ನಾನು ಕಂಡಂತೆ, ಕೇಳಿದಂತೆ, ಮಾಡಿದಂತೆಯೇ ಇದೆ.

ಸ್ಥಳ: ಪೆಟ್ರೊಗ್ರಾಡ್
ದಿನಾಂಕ: 12 ಜನವರಿ 1917
ಸಹಿ: ಗ್ಲಾಫಿರಾ ಲಾದಿಗಿನಾ

ಸಹಿಯ ಕೆಳಗೆ ನನ್ನ ಕೈಯಿಂದಲೇ ಸೇರಿಸಿದ್ದು: ಇದರಲ್ಲಿ ಒಂದು ಸಾಲನ್ನೂ ಹೊಡೆದುಹಾಕಲು ನಾನು ಒಪ್ಪುವುದಿಲ್ಲ.