ಎಂಟರಿಂದ ಗುಣಿಸಿದರೆ

೨೦೦೩ರ ಒಂದು ಮಧ್ಯಾಹ್ನ ಮಣಿಪಾಲದ ಆಸ್ಪತ್ರೆಯೊಂದರಲ್ಲಿ ಹೆಜಮಾಡಿಯ ದಂಪತಿ ನನ್ನ ಪಕ್ಕ ಕೂತು ಕಾಯುತ್ತಿದ್ದರು. ಕಮಲ ಟೀಚರಿಗೆ ಪಾರ್ಶ್ವವಾಯು ಬಡಿದು ತಿಂಗಳಾಗಿತ್ತು, ಅಂದಿನಿಂದ ಮಾತಿಲ್ಲ. ಗಂಡ ಚಂದು ಮೀನುಗಾರ.

“ಮನೆಯಲ್ಲಿ ನಮ್ಮದು ತುಳು. ಲೆಕ್ಕ ಮಾತ್ರ ಇವಳಿಗೆ ಕನ್ನಡದಲ್ಲೇ,” ಎಂದು ನನಗೆ ಹೇಳಿ, ಅವರು ಹೆಂಡತಿಯತ್ತ ತಿರುಗಿದರು.

“ನಿನ್ನ ಇಷ್ಟದ ಸಂಖ್ಯೆ ಉಂಟಲ್ವಾ, 142857? ಎರಡರಿಂದ ಗುಣಿಸಿದರೆ ಎಂತ?”

ಆಕೆ ಕಿಟಕಿಯಾಚೆಯ ಮೋಡವನ್ನೇ ನೋಡುತ್ತಿದ್ದರು. ಬಹಳ ಹೊತ್ತಿನ ಮೇಲೆ ತುಟಿ ಅಲುಗಿತು.

“ಎರಡು... ಎಂಟು... ಐದು... ಏಳು... ಒಂದು... ನಾಲ್ಕು.”

“ಅದೇ ಅಂಕಿಗಳು!” ಚಂದು ಆಕೆಯತ್ತ ಬಾಗಿದರು. “ಅದೇ ಸಾಲು, ಶುರು ಮಾತ್ರ ಬೇರೆ. ಏಳರಿಂದ?”

“ಬರೀ ಒಂಬತ್ತು. ಆರು ಸಲ.”

ಒಳಗಿನಿಂದ ಹೆಸರು ಕರೆದರು. ಚಂದು ಎದ್ದು ಕೈ ನೀಡಿದರು. ಆಕೆ ಏಳಲಿಲ್ಲ.

“ಎಂಟರಿಂದ... ಕೇಳುವುದಿಲ್ವಾ?”

“ಅದು ನನಗೆ ಗೊತ್ತಿಲ್ಲ ಮಾರಾಯ್ತಿ.”

“ಒಂದು, ಒಂದು, ನಾಲ್ಕು, ಎರಡು, ಎಂಟು, ಐದು, ಆರು. ಮೊದಲಿನ ಒಂದನ್ನು ತೆಗೆದು... ಕೊನೆಯ ಆರಕ್ಕೆ ಕೂಡಿಸಿ. ನಮ್ಮ ಸಂಖ್ಯೆ ವಾಪಸ್ ಬರ್ತದೆ.”

ಚಂದು ಅಂಗೈ ಮೇಲೆ ಬೆರಳಿನಿಂದ ಬರೆದು ನೋಡಿದರು. ಕಣ್ಣೊರೆಸಿಕೊಂಡು ಆಕೆಯನ್ನು ಎಬ್ಬಿಸಿದರು. ಬಾಗಿಲು ಮುಚ್ಚುವ ಮೊದಲು ಟೀಚರ ಸ್ವರ ಕೇಳಿಸಿತು:

“ಇನ್ನು ಒಂಬತ್ತರಿಂದ ಮಾಡಿ. ನೀವೇ.”