ಬಾವಿಯ ದಂಡೆಯಲ್ಲಿ ಎಣಿಸಬೇಡಿ

ಅಧ್ಯಕ್ಷ ಸ್ಥಾನವನ್ನು ಅಲಂಕರಿಸಿರುವ ಬಾಬಾಸಾಹೇಬ ಅವರೇ, ಕಬ್ಬಿನ ಟ್ರ್ಯಾಕ್ಟರುಗಳ ಸಾಲನ್ನು ದಾಟಿಕೊಂಡು ನಿಪ್ಪಾಣಿಯ ಕಡೆಯಿಂದ ಬಂದಿರುವ ಮುಖ್ಯ ಅತಿಥಿಗಳಾದ ರಾವಸಾಹೇಬ ಅವರೇ, ನಮ್ಮ ಶಾಲೆಯ ನೇಮಿನಾಥ ಗುರುಗಳೇ, ಸತ್ತಿ ಊರಿನ ಹಿರಿಯರೇ, ಯುವಕ ಮಂಡಳದ ತಮ್ಮಂದಿರೇ, ಹಿಂದೆ ಕುಳಿತು ನನ್ನನ್ನು ನೋಡಿ ಆಗಲೇ ನಗಲು ಶುರು ಮಾಡಿರುವ ಅಕ್ಕತಂಗಿಯರೇ, ಸಭಿಕರೇ, ಮತ್ತು ಈ ಸಂಜೆ ಸನ್ಮಾನ ಸ್ವೀಕರಿಸಲಿರುವ ನಮ್ಮ ಮನೆಯವರೇ,

ಎಲ್ಲರ ಹೆಸರನ್ನೂ ಹೇಳಿದಳು, ಗಂಡನ ಹೆಸರನ್ನು ಮಾತ್ರ ಹೇಳಲಿಲ್ಲ ಎಂದು ರಾವಸಾಹೇಬರು ತಪ್ಪು ತಿಳಿಯಬಾರದು. ಹೆಸರು ನನ್ನ ಹಿಂದಿನ ಬ್ಯಾನರಿನ ಮೇಲೆ ನೀರಿನ ಕೊಡದಷ್ಟು ದೊಡ್ಡ ಅಕ್ಷರದಲ್ಲಿದೆ, ದಯವಿಟ್ಟು ಓದಿಕೊಳ್ಳಿ. ನಮ್ಮ ಕಡೆ ಹೆಣ್ಣುಮಕ್ಕಳು ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ. ಮದುವೆ, ಮುಂಜಿ, ಸೀಮಂತಗಳಲ್ಲಿ ನಾಲ್ಕು ಜನ ಅಡ್ಡಗಟ್ಟಿದರೆ ಒಂದು ಪ್ರಾಸದ ಒಡಪು ಕಟ್ಟಿ, ಅದರೊಳಗೆ ಹೆಸರನ್ನು ಸೇರಿಸಿ ಹೇಳುತ್ತೇವೆ. "ಒಡಪ ಹಾಕ್ರಿ ವೈನಿ" ಎಂದು ಅತ್ತಿಗೆಯನ್ನು ಕಾಡುತ್ತ ಹಿಂದಿನಿಂದ ಈಗಲೇ ಕೂಗುತ್ತಿದ್ದೀರಿ. ತಡೆಯಿರಿ, ಕೊನೆಗೆ ನೋಡೋಣ.

ಅತಿಥಿಗಳಿಗೆ ನನ್ನ ಪರಿಚಯವನ್ನೂ ಹೇಳಿಬಿಡುತ್ತೇನೆ. ನಾನು ಕಸ್ತೂರೆವ್ವ, ಮಹಿಳಾ ಮಂಡಳದ ಅಧ್ಯಕ್ಷೆ. ಆದರೆ ಈ ಊರಿನಲ್ಲಿ ನನ್ನ ನಿಜವಾದ ಕೀರ್ತಿ ಬೇರೆ. ಕಳೆದ ದಸರೆಯಲ್ಲಿ, ಇಡೀ ಊರು ನೋಡುತ್ತಿರುವಾಗ, ದೊಡ್ಡ ಬಾವಿಯ ಮೆಟ್ಟಿಲ ಮೇಲೆ ಗಂಡನ ಕೆನ್ನೆಗೆ ಹೊಡೆದವಳು ನಾನು. ಊಟಕ್ಕೆ ತಡ ಮಾಡಿದನೆಂದು ಹೊಡೆದಳಂತೆ ಎಂದು ಕೆಲವರು, ಪಗಡಿ ಕಳೆದನೆಂದು ಹೊಡೆದಳಂತೆ ಎಂದು ಕೆಲವರು. ಹಿಟ್ಟಿನ ಗಿರಣಿಯಲ್ಲಿ ಈಗಲೂ ಈ ಮಾತನ್ನೇ ಬೀಸುತ್ತಿದ್ದಾರೆ. ನಗಿರಿ, ನನಗೇನೂ ಬೇಸರವಿಲ್ಲ.

ಯುವಕ ಮಂಡಳಕ್ಕೆ ಈ ತೊಂಬತ್ತಮೂರರ ಸಂಕ್ರಮಣಕ್ಕೆ ಹತ್ತು ವರ್ಷ ತುಂಬಿತು. ಅದಕ್ಕೆ ಇವತ್ತು ಸನ್ಮಾನ, ನಾಳೆ ಬೆಳಿಗ್ಗೆ ದೊಡ್ಡ ಬಾವಿಯಲ್ಲಿ ನಮ್ಮ ಮನೆಯವರ ಮುಳುಗು. ಬಾವಿಯ ತಳಕ್ಕೆ ಹೋಗಿ, ಉಸಿರು ಹಿಡಿದು ಕೂತು, ಮೇಲೆ ಬರುವುದು. ಅವರ ಸಾಧನೆಯ ಬಗ್ಗೆ ಎರಡು ಮಾತು ಹೇಳಿ ಎಂದು ಮಂಡಳದವರು ಮನೆಗೆ ಬಂದು ಕೇಳಿಕೊಂಡರು. ಬ್ಯಾನರಿನಲ್ಲಿ 'ಉಸಿರನ್ನು ಗೆದ್ದ ವೀರ' ಎಂದು ಬರೆಸಿದ್ದೀರಿ. ಗೆದ್ದವರು ಯಾರಪ್ಪಾ? ಬಾವಿಯ ಆಳಕ್ಕೆ ಇಳಿಯುವ ನಮ್ಮವರಲ್ಲಿ ಉಸಿರಿನ ಜೊತೆ ಕುಸ್ತಿಗೆ ಇಳಿದವರು ಯಾರಾದರೂ ಇದ್ದಾರೆಯೇ? ಇಷ್ಟು ವರ್ಷ ಮೆಟ್ಟಿಲ ಮೇಲೆ ಕೂತವಳು ನಾನು. ಮುಳುಗುವವರನ್ನೆಲ್ಲ ಕೇಳಿದ್ದೇನೆ, ಯಾಕೆ ಮುಳುಗುತ್ತೀರಿ ಎಂದು.

ಎಮ್ಮೆ ಕಾಯುವ ಭೀಮಸಿಯನ್ನು ಕೇಳಿದೆ. "ಬ್ಯಾಸಗ್ಯಾಗ ಎಮ್ಮಿನ ಮುಳಗತಾವ್ರಿ ವೈನಿ, ನಾ ಯಾಕ ಮ್ಯಾಲ ಬಿಸಲಾಗ ಕುಂದರಲಿ?" ಎಂದ. ಅವನು ಹೊಳೆಯ ಮಡುವಿನಲ್ಲಿ ಮುಳುಗಿದರೆ ಎಮ್ಮೆಗಳೇ ಗಾಬರಿಯಾಗಿ ದಂಡೆಗೆ ಬರುತ್ತವೆ. ದುರಗಪ್ಪನನ್ನು ಕೇಳಿದೆ. ಊರ ಹೆಣ್ಣುಮಕ್ಕಳ ಕೈಜಾರಿ ಬಿದ್ದ ಕೊಡ, ತಂಬಿಗೆಗಳನ್ನೆಲ್ಲ ತಳದಿಂದ ತಂದುಕೊಟ್ಟವನು ಅವನೇ. "ಕೊಡಾ ತಗದ ಕೊಟ್ರ ಚಾ ಸಿಗತೈತ್ರಿ. ನೆಗ್ಗಿದ್ರ ಬೈಗಳಾನೂ ಸಿಗತಾವು" ಎಂದ. ಇನ್ನು ನಮ್ಮ ಅಧ್ಯಕ್ಷರು. ಕ್ಷಮಿಸಬೇಕು, ಹೇಳಿಯೇ ಬಿಡುತ್ತೇನೆ. ಬಾಬಾಸಾಹೇಬರು ಜೀವನದಲ್ಲಿ ಒಂದೇ ಸಲ ಮುಳುಗಿದ್ದು, ಹೆಣ್ಣಿನ ಕಡೆಯವರು ಮನೆತನ ನೋಡಲು ಬಂದ ದಿನ. ಮೂಗಿಗೆ ನೀರು ಹೋಗಿ ಸೀನುತ್ತ ಮೇಲೆ ಬಂದರು, ಮಧ್ಯಾಹ್ನದವರೆಗೂ ಸೀನಿದರು. ಆದರೂ ಸಂಬಂಧ ಕೂಡಿತು. ಅವರ ಮನೆಯಾಕೆ ಅಕ್ಕುತಾಯಿಯವರು ಅಗೋ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದಾರೆ.

ನಮ್ಮ ಮನೆಯವರ ಕಾರಣ ಇವು ಯಾವುವೂ ಅಲ್ಲ.

ನಾನು ಸೊಸೆಯಾಗಿ ಬಂದಾಗ ಮನೆ ತುಂಬ ಜನ. ಇವರು ಹಿರಿಯ ಮಗ. ಕಬ್ಬಿಗೆ ನೀರು ಬಿಡಬೇಕೆಂದರೆ ಇವರನ್ನು ಕರಿ, ಎತ್ತು ಮೇವು ಬಿಟ್ಟರೆ ಇವರನ್ನು ಕರಿ, ದ್ರಾಕ್ಷಿಗೆ ಔಷಧ ಹೊಡೆಯಬೇಕು, ಕರಿ, ಅಣ್ಣತಮ್ಮಂದಿರು ಬದುವಿನ ಮೇಲೆ ಜಗಳ ತೆಗೆದರು, ಕರಿ. ನಮ್ಮ ಅತ್ತೆ ಚನ್ನವ್ವನವರು ನಸುಕಿನಲ್ಲಿ ಹೆಸರು ಹಿಡಿದು ಕೂಗಲು ಶುರು ಮಾಡಿದರೆ ದೀಪ ಆರಿಸುವವರೆಗೂ ನಿಲ್ಲಿಸುತ್ತಿರಲಿಲ್ಲ. ಪಾಪ, ಅವರ ತಪ್ಪೂ ಇಲ್ಲ. ಕರೆದರೆ ಬರುವವರನ್ನೇ ಅಲ್ಲವೇ ಜನ ಕರೆಯುವುದು? ಇವರು ಎಲ್ಲದಕ್ಕೂ "ಬಂದ್ನಿ" ಎನ್ನುವರು. ಸಂಜೆ ಮಾತ್ರ ದೊಡ್ಡ ಬಾವಿಗೆ ಹೋಗಿ ಮುಳುಗುವರು. ಒಮ್ಮೆ ಕೇಳಿದೆ, ಅಲ್ಲಿ ಏನಿದೆ ಎಂದು. ಹೇಳಿದರು: "ಕೆಳಗ ನನ್ನ ಯಾರೂ ಕರಿಯೂದಿಲ್ಲ, ಕಸ್ತೂರಿ."

ನನಗೆ ಬಹಳ ಕೆಟ್ಟದೆನಿಸಿತು. ಹಾಗಾದರೆ ನಾನೂ ಕಾಟ ಕೊಡುವವರ ಲೆಕ್ಕಕ್ಕೇ ಬಂದೆನೇ? ಹೊಸ ಸೊಸೆ, ಯಾರ ಮುಂದೆ ಹೇಳಲಿ? ನಾನು ಹೊಳೆಯಿಲ್ಲದ ಐಗಳಿ ಊರಿನವಳು, ನೀರೆಂದರೆ ಕೊಡದಲ್ಲಿ ನೋಡಿದವಳು. ಆದರೂ ಹಟ ಹಿಡಿದೆ, ನನಗೂ ಕಲಿಸಿ ಎಂದೆ. ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು, ಮಧ್ಯಾಹ್ನ ಗಂಡಸರು ಹೊಲದಲ್ಲಿರುವಾಗ ಈಜು ಕಲಿತೆ. ಚನ್ನವ್ವನವರು ದಂಡೆಯ ಮೇಲೆ ಕೋಲು ಹಿಡಿದು ಕಾವಲು ಕೂರುತ್ತಿದ್ದರು, ನಂಬಿದರೆ ನಂಬಿ. ಮುಂದೆ ಬುರುಡೆ ಬಿಚ್ಚಿದೆ. ಒಂದು ದಿನ ತಳ ಮುಟ್ಟಿದೆ.

ಸಭಿಕರೇ, ಅಲ್ಲಿ ಹೇಗಿರುತ್ತದೆ ಗೊತ್ತೇ? ಮೊದಲು ಕಿವಿ ನೋಯುತ್ತದೆ. ಆಮೇಲೆ ಎದೆ ಉಸಿರು ಬೇಡುತ್ತದೆ, ಹಾಲಿಗೆ ಅಳುವ ಕೂಸಿನಂತೆ. ಇನ್ನು ತಾಳಲಾರೆ ಎನ್ನುವಷ್ಟರಲ್ಲಿ ಆ ಕೂಸು ಸುಮ್ಮನಾಗುತ್ತದೆ. ತಂಪು, ಹಸಿರು ಬೆಳಕು, ಮೈಗೆ ಭಾರವಿಲ್ಲ. ಮೇಲಿನದು ಯಾವುದೂ ನೆನಪಿಲ್ಲ. ಅವತ್ತು ನನಗೆ ಇವರ ಮೇಲಿದ್ದ ಸಿಟ್ಟು ಪೂರ್ತಿ ಇಳಿಯಿತು. ಇಂಥ ಜಾಗ ಇದ್ದರೆ ಯಾರು ಬರುವುದಿಲ್ಲ ಹೇಳಿ? ಆದರೆ ಅವತ್ತೇ ಹೆದರಿಕೆ ಹೊಕ್ಕಿತು. ಯಾಕೆಂದರೆ ಅಲ್ಲಿ ಒಂದು ಗಳಿಗೆ ನನಗೆ ಮೇಲೆ ಬರಬೇಕೆಂದೇ ಅನಿಸಿರಲಿಲ್ಲ. ಮೇಲೆ ಬಂದಾಗ ಅತ್ತೆ ಬೈಯುತ್ತಿದ್ದರು. ಆ ಬೈಗಳು ಎಷ್ಟು ಹಿತವಾಗಿತ್ತು ಎಂದರೆ ಅಲ್ಲೇ ಕೂತು ಅತ್ತುಬಿಟ್ಟೆ. ಅಂದಿನಿಂದ ಇವರು ಮುಳುಗುವಾಗಲೆಲ್ಲ ನಾನು ಕೊನೆಯ ಮೆಟ್ಟಿಲ ಮೇಲೆ, ಪಾದ ನೀರಿನಲ್ಲಿಟ್ಟು ಕೂರುತ್ತೇನೆ. ಹೆಂಡತಿ ಕಾಯುತ್ತಾಳೆ ಎಂದು ನೀವು ಚೇಷ್ಟೆ ಮಾಡುತ್ತೀರಿ. ಕಾಯುತ್ತೇನೆ, ನಿಜವೇ.

ಆಗೆಲ್ಲ ನಮ್ಮ ಬಾವಿಯಲ್ಲಿ ಎಣಿಸುವ ರೂಢಿ ಇರಲಿಲ್ಲ. ತಳ ಮುಟ್ಟಿದವನು ಒಂದು ಹಿಡಿ ಮಣ್ಣು ತಂದು ಕಟ್ಟೆಯ ಮೇಲಿಡುತ್ತಿದ್ದ, ಅಷ್ಟೇ. ಬೇಗ ಬಂದನೋ ತಡವಾಗಿ ಬಂದನೋ ಯಾರಿಗೆ ಬೇಕಿತ್ತು? ಮಣ್ಣು ಮಣ್ಣೇ. ಮಂಡಳ ಶುರುವಾದ ಮರುವರ್ಷ ರಾವಸಾಹೇಬರು ಬೋರಗಾಂವದ ಮಗ್ಗದ ಹುಡುಗರನ್ನು ಕರೆತಂದು ಪಂದ್ಯ ಇಟ್ಟರು. ಯಾರು ಹೆಚ್ಚು ಹೊತ್ತು ಒಳಗೆ ಕೂರುತ್ತಾರೆ ಎಂದು. ಅವರ ಹುಡುಗ ಮುಳುಗಿದಾಗ ಅವರು ಮರಾಠಿಯಲ್ಲಿ ಎಣಿಸಿದರು, ನಮ್ಮವರು ಮುಳುಗಿದಾಗ ನಾವು ಕನ್ನಡದಲ್ಲಿ ಎಣಿಸಿದೆವು. ಆಮೇಲೆ ಯಾರ ನೂರು ಉದ್ದ ಎಂದು ಜಗಳ! ಗಡಿಯ ತಂಟೆ ಬಾವಿಯೊಳಕ್ಕೂ ಇಳಿಯಿತು. ಕೊನೆಗೆ ನೇಮಿನಾಥ ಗುರುಗಳು ಕೈಗಡಿಯಾರ ಬಿಚ್ಚಿ ಕಟ್ಟೆಯ ಮೇಲಿಟ್ಟು, ಇಬ್ಬರಿಗೂ ಬೆಲ್ಲದ ಚಹಾ ಕುಡಿಸಿ ಕಳಿಸಿದರು. ಗಡಿಯಾರ ಬಂದರೂ ನಮ್ಮ ಜನ ಎಣಿಸುವುದನ್ನು ಬಿಡಲಿಲ್ಲ. ಇಡೀ ದಂಡೆ ಒಂದೇ ದನಿಯಲ್ಲಿ ಎಣಿಸುವುದು ಹಬ್ಬದಂತೆ ಆಗಿಹೋಯಿತು. ನಾನೂ ಎಣಿಸಿದ್ದೇನೆ. ಚೆನ್ನಾಗಿಯೇ ಇತ್ತು.

ಆದರೆ ಆ ಎಣಿಕೆ ನೀರಿನೊಳಗೆ ಕೇಳಿಸುತ್ತದೆ. "ಗುಂ ಅಂತ ಕೇಳಸ್ತೈತಿ, ಗುಡಿಯಾಗ ಗಂಟಿ ಬಾರಿಸಿದಾಂಗ" ಎಂದು ಇವರೇ ಹೇಳಿದ್ದು. ಪ್ರತಿ ವರ್ಷ ಹಿಂದಿನ ವರ್ಷಕ್ಕಿಂತ ಹೆಚ್ಚಾಗಬೇಕು. ಸಾಕು, ಬೇಗ ಬಂದುಬಿಡಿ ಎಂದರೆ ನನಗೇನು ಹೇಳಿದರು ಗೊತ್ತೇ? "ಅಷ್ಟ ಜನ ಎಣಸಾಕತ್ತಾಗ ನಡುವ ಹೆಂಗ ಬರಲಿ? ಅವರ ಮಾರಿ ಸಣ್ಣ ಆಗತಾವು." ಯಾರೂ ಕರೆಯದ ಜಾಗ ಎಂದು ಹೋಗಿದ್ದರಲ್ಲ, ಈಗ ಅಲ್ಲಿಯೂ ಇಡೀ ಊರು ಕರೆಯತೊಡಗಿತು. ಇವರು ಅಲ್ಲಿಯೂ "ಬಂದ್ನಿ" ಎನ್ನತೊಡಗಿದರು.

ಇದನ್ನು ಹೇಳಬೇಕೆಂದು ನಾನು ಮನೆಯಿಂದ ಹೊರಟಿರಲಿಲ್ಲ. ಯಾರಿಗೂ ಹೇಳಬೇಡ ಎಂದು ಇವರು ಕೈ ಹಿಡಿದು ಕೇಳಿಕೊಂಡಿದ್ದರು. ಈಗ ವೇದಿಕೆಯ ಮೇಲೆ ತಲೆ ತಗ್ಗಿಸಿ ಕೂತಿದ್ದಾರೆ, ನೋಡಿ. ರೀ, ನೀವು ಸಿಟ್ಟಾದರೂ ಸರಿ, ಹೇಳುತ್ತೇನೆ.

ದಸರೆಯ ದಿನ ಇವರು ಮೇಲೆ ಬಂದಾಗ ನೀವೆಲ್ಲ ಪಗಡಿ, ಟೊಪ್ಪಿಗೆ ಹಾರಿಸುತ್ತಿದ್ದಿರಿ. ದೊಡ್ಡ ಸಂಖ್ಯೆ ಆಗಿತ್ತು. ಹಲಗೆ ಬಾರಿಸುತ್ತಿದ್ದಿರಿ. ನಾನು ಮೊಳದಷ್ಟು ಹತ್ತಿರದಲ್ಲಿದ್ದೆ. ತುಟಿ ನೇರಳೆ ಹಣ್ಣು ತಿಂದವರ ಹಾಗಿತ್ತು. ಕಣ್ಣು ತೆರೆದಿತ್ತು, ಕಣ್ಣಿನೊಳಗೆ ಯಾರೂ ಇರಲಿಲ್ಲ. ಮೂಗು ನೀರಿನ ಮೇಲಿದ್ದರೂ ಉಸಿರು ತೆಗೆದುಕೊಳ್ಳುತ್ತಿರಲಿಲ್ಲ. ಹಾಗೇ ಮೆಲ್ಲಗೆ ಮತ್ತೆ ಒಳಗೆ ಜಾರುತ್ತಿದ್ದರು. ನಾನು ರಟ್ಟೆ ಹಿಡಿದು ಎಳೆದೆ. "ರೀ" ಎಂದೆ. "ಇಲ್ಲಿ ನೋಡ್ರಿ" ಎಂದೆ. ಜಗ್ಗಲಿಲ್ಲ. ಆಗ ಕೆನ್ನೆಗೆ ಹೊಡೆದು ಕೂಗಿದೆ. ಒಡಪಿಲ್ಲದೆ, ಹೆಸರಿನ ಕೊನೆಗೆ 'ಅಪ್ಪ' ಎನ್ನುವ ಮರ್ಯಾದೆಯೂ ಇಲ್ಲದೆ, ಅವರ ತಾಯಿ ಕೂಗುತ್ತಿದ್ದ ಹಾಗೇ ಕೂಗಿದೆ. "ವಿರುಪಾಕ್ಷಿ! ಉಸರ ತಗೋ!"

ಕಣ್ಣು ಹೊರಳಿತು. ಉಸಿರು ತೆಗೆದುಕೊಂಡರು. ಬಾಯಿ ಅಲುಗಿತು. ಏನೆಂದರು ಗೊತ್ತೇ? "ಬಂದ್ನಿ" ಎಂದರು.

ದಂಡೆಯ ಮೇಲಿಂದ ಯಾರೋ "ವೈನಿ ಹೊಡದ್ರಲೇ!" ಎಂದು ಕೂಗಿದರು. ನೀವೆಲ್ಲ ನಕ್ಕಿರಿ. ನಾನೂ ನಕ್ಕಂತೆ ಮಾಡಿದೆ. ಮನೆಗೆ ಹೋಗಿ ಬಚ್ಚಲಲ್ಲಿ ನೀರು ಕಾಯಿಸುವಾಗ ಮತ್ತೆ ಮತ್ತೆ ಎದ್ದು ಹೋಗಿ ಅವರ ಮೂಗಿನ ಮುಂದೆ ಬೆರಳಿಟ್ಟು ನೋಡಿದೆ. ನಿಮ್ಮನ್ನು ಬೈಯುತ್ತಿಲ್ಲ. ನೀವು ಸಂಖ್ಯೆ ನೋಡುತ್ತಿದ್ದಿರಿ, ಪ್ರೀತಿಯಿಂದಲೇ ನೋಡುತ್ತಿದ್ದಿರಿ. ಮುಖ ನೋಡಲು ಅಷ್ಟು ದೂರದಿಂದ ಆಗುತ್ತಿರಲಿಲ್ಲ.

ಹಾಗಾದರೆ ನಾಳೆ ಬೇಡ ಎಂದುಬಿಡು ಎನ್ನುತ್ತೀರಿ. ಹಾಗೆ ಎನ್ನುವುದಿಲ್ಲ. ಬೇಡವೆಂದರೆ ತೋಟದ ಬಾವಿಗೆ ಯಾರಿಗೂ ಹೇಳದೆ ಒಬ್ಬರೇ ಹೋಗುತ್ತಾರೆ, ಅವರನ್ನು ನಾನು ಬಲ್ಲೆ. ಒಬ್ಬರೇ ಮುಳುಗುವುದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ. ಅದೂ ಅಲ್ಲದೆ, ಆ ತಳ ಎಂಥದೆಂದು ನಾನೂ ನೋಡಿದ್ದೇನೆ. ಅದನ್ನು ಅವರಿಂದ ಕಿತ್ತುಕೊಳ್ಳಲು ನನಗೆ ಮನಸ್ಸಿಲ್ಲ. ನಾಳೆ ನೀರಿನಲ್ಲಿ ಭೀಮಸಿ ಅವರ ಪಕ್ಕದಲ್ಲಿರುತ್ತಾನೆ, ಎಮ್ಮೆಗಳನ್ನು ಬಿಟ್ಟು ಬರಲು ಒಪ್ಪಿದ್ದಾನೆ. ಮೆಟ್ಟಿಲ ಮೇಲೆ ನಾನಿರುತ್ತೇನೆ.

ನಿಮ್ಮಲ್ಲಿ ನನ್ನದು ಒಂದೇ ಬೇಡಿಕೆ. ನಾಳೆ ಎಣಿಸಬೇಡಿ. ಬಾಯಿಬಿಟ್ಟು ಎಣಿಸಬೇಡಿ, ಮನಸ್ಸಿನಲ್ಲಿಯೂ ಎಣಿಸಬೇಡಿ. ಗುರುಗಳೇ, ತಾವು ಗಡಿಯಾರವನ್ನು ಮನೆಯಲ್ಲೇ ಬಿಟ್ಟು ಬನ್ನಿ. ದಂಡೆಯ ಮೇಲೆ ಸುಮ್ಮನೆ ಕೂತುಕೊಳ್ಳಿ. ಅವರು ತಮಗೆ ಸಾಕೆನಿಸಿದಾಗ ಒಂದು ಹಿಡಿ ಮಣ್ಣು ಹಿಡಿದು ಬರಲಿ. ಮಣ್ಣಿಲ್ಲದೆ ಬಂದರೂ ಬರಲಿ. ಇಷ್ಟು ಬೇಗ, ಇಷ್ಟು ಲಗೂನೆ ಬಂದರೇ ಎಂದು ಯಾರೂ ಮುಖ ಸಣ್ಣ ಮಾಡಬೇಡಿ, ಅವರು ನಿಮ್ಮ ಮುಖಗಳನ್ನು ನೋಡಿಯೇ ನೋಡುತ್ತಾರೆ.

ಇನ್ನೊಂದು ಮಾತು. ಈ ತಟ್ಟೆಯಲ್ಲಿ ತೆಂಗಿನಕಾಯಿಯ ಪಕ್ಕ ಒಳ್ಳೆಯ ಉಣ್ಣೆಯ ಶಾಲು ಇಟ್ಟಿದ್ದೀರಿ. ಬಂದಾಗಿನಿಂದ ಅದನ್ನೇ ನೋಡುತ್ತಿದ್ದೇನೆ. ಅಧ್ಯಕ್ಷರೇ, ಇವತ್ತು ಹಾರ ಹಾಕಿ, ಫಲ ಕೊಡಿ, ಫೋಟೋ ತೆಗೆಸಿ. ಶಾಲನ್ನು ಮಾತ್ರ ಇವತ್ತು ಹೊದಿಸಬೇಡಿ. ನಾಳೆ ಬಾವಿಗೆ ತನ್ನಿ. ಅವರು ಮೇಲೆ ಬಂದು, ಉಸಿರು ತೆಗೆದುಕೊಂಡು, ಕಟ್ಟೆಯ ಮೇಲೆ ಕೂತ ಮೇಲೆ ಹೊದಿಸಿ. ಸಂಕ್ರಮಣದ ಚಳಿ, ಮೈ ಒದ್ದೆಯಾಗಿರುತ್ತದೆ.

ಎರಡು ಮಾತು ಎಂದು ಹೇಳಿ ಬಹಳ ಮಾತಾಡಿದೆ. ಇಷ್ಟು ಹೊತ್ತು ಉಸಿರು ಹಿಡಿದು ಕೇಳಿದ ನಿಮಗೆಲ್ಲ ಋಣಿ. ಹಿಂದಿನ ಸಾಲಿನವರಿಗೆ ಮಾತು ಕೊಟ್ಟಿದ್ದೆನಲ್ಲ, ಒಡಪನ್ನೂ ಹೇಳಿಬಿಡುತ್ತೇನೆ.

ಸಂಕ್ರಮಣಕ್ಕ ಎಳ್ಳ ಹಚ್ಚಿದ ಸಜ್ಜಿ ರೊಟ್ಟಿ,
ದೊಡ್ಡ ಬಾವಿಗೆ ಕರೀ ಕಲ್ಲಿನ ಕಟ್ಟಿ,
ವಿರುಪಾಕ್ಷಪ್ಪನವರು ಲಗೂನ ಮ್ಯಾಲ ಬಂದ್ರ ನನ್ನ ಎದಿ ಗಟ್ಟಿ.

ರೀ, ಮ್ಯಾಲ ಬರತೀರಲ್ಲರಿ?

ಎಲ್ಲರಿಗೂ ನಮಸ್ಕಾರ.