ಉದ್ದ ದಾರದ ಕಡೆಯ ಅಂಚು

ಅಧ್ಯಕ್ಷತೆ ವಹಿಸಿ ಆಗಲೇ ಎರಡು ಸಲ ಗಡಿಯಾರ ನೋಡಿಕೊಂಡಿರುವ ಆಸ್ಪತ್ರೆಯ ಹಿರಿಯರೇ, ಇವತ್ತು ನಿವೃತ್ತರಾಗುತ್ತಿರುವ, ಹೊಗಳಿಕೆ ಕೇಳುವುದೆಂದರೆ ಹಲ್ಲು ಕೀಳಿಸಿಕೊಂಡ ಹಾಗೆ ಮುಖ ಮಾಡುವ ನಮ್ಮ ಡಾಕ್ಟರಮ್ಮನವರೇ, ದಾದಿಯರೇ, ಗೋಡೆ ಬದಿಯಲ್ಲಿ ನಿಂತಿರುವ ವಾರ್ಡಿನ ಸಿಬ್ಬಂದಿಯೇ, ನನ್ನ ಹಾಗೆಯೇ ಒಂದು ದಿನ ಆ ಕಾರಿಡಾರಿನ ಬೆಂಚಿನ ಮೇಲೆ ಕೂತೆದ್ದು ಬಂದಿರುವ ಅಕ್ಕತಂಗಿಯರೇ, ಮತ್ತು ಸಭಿಕರೇ,

ಮೊದಲು ಲೆಕ್ಕ ಒಪ್ಪಿಸಿಬಿಡುತ್ತೇನೆ, ಆಮೇಲೆ ಭಾಷಣ. ಈ ಇಡೀ ವ್ಯವಹಾರಕ್ಕೆ ನನಗೆ ತಗುಲಿದ್ದು ಇಷ್ಟು. ಎಡಗಡೆಯಿಂದ ನಿಂಬೆಹಣ್ಣಿನಷ್ಟು ಒಂದು ತುಂಡು. ಕಂಕುಳಿಂದ ಮೂರು ಗ್ರಂಥಿ. ಗಾಯ ಮಾಯುವ ಮೊದಲೇ ಅದನ್ನು ಮತ್ತೆ ಬಿಚ್ಚಿ ತೆಗೆದ ಇನ್ನೊಂದು ಹೋಳು. ವಾರಗಟ್ಟಲೆ ಕಿರಣ ಚಿಕಿತ್ಸೆಯಲ್ಲಿ ಸುಟ್ಟು ಕಪ್ಪಾದ ಚರ್ಮ. ಎಡಮಗ್ಗುಲಾಗಿ ಮಲಗುವ ಸುಖ. ಜೊತೆಗೆ, ನಮ್ಮಕ್ಕನ ಮುಂದೆ ನನ್ನ ಮುಖ ಒಂದು ಕ್ಷಣ ಏನು ಮಾಡಿತೋ ಅದು. ಅದನ್ನು ಯಾವ ಕಾಲಮಿನಲ್ಲಿ ಬರೆಯಬೇಕೆಂದು ನನಗೆ ಇನ್ನೂ ಗೊತ್ತಾಗಿಲ್ಲ. ದುಡ್ಡಿನ ವಿಷಯ ಕೇಳಬೇಡಿ. ದುಡ್ಡು ಮತ್ತೆ ದುಡಿಯಬಹುದು.

ನಾನು ಯಾರೆಂದು ಹೇಳಬೇಕಲ್ಲವೇ? ನೀವು ಈಗ ಕೂತಿರುವ ಕುರ್ಚಿ ನನ್ನದು. ಬಾಡಿಗೆಗೆ ಕುರ್ಚಿ ಕೊಡುವವಳು ನಾನು. ಊರಿನಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ, ಯಾರು ಸತ್ತರೂ, ಯಾರು ಗೆದ್ದರೂ ಜನ ಕೂರುವುದು ನನ್ನ ಕುರ್ಚಿಯ ಮೇಲೆ. ಎಲ್ಲರೂ ನನ್ನನ್ನು ಕುರ್ಚಿಯಮ್ಮ ಅನ್ನುತ್ತಾರೆ. ಓದಿದ್ದು ಕಡಿಮೆ, ಮಾತು ಜಾಸ್ತಿ. ದಯವಿಟ್ಟು ಹಿಂದಕ್ಕೆ ಒರಗಿ ಎರಡು ಕಾಲಿನ ಮೇಲೆ ತೂಗಬೇಡಿ, ಮೂರನೇ ಸಾಲಿನ ಯಜಮಾನರೇ, ನಿಮಗೇ ಹೇಳಿದ್ದು.

ಆಹ್ವಾನಪತ್ರಿಕೆಯಲ್ಲಿ 'ಮಹಿಳೆಯರ ಆರೋಗ್ಯ ಕುರಿತು ಅನುಭವದ ಮಾತು' ಎಂದು ಮುದ್ರಿಸಿದ್ದಾರೆ. ಸ್ತನ ಎಂದು ಮುದ್ರಿಸಲು ಯಾರಿಗೂ ಧೈರ್ಯ ಬಂದಿಲ್ಲ. ನನಗೂ ಮೊದಲು ಇರಲಿಲ್ಲ. ಎಡಗಡೆ ಕೈಗೆ ಗಂಟೊಂದು ಸಿಕ್ಕಾಗ, ಕುರ್ಚಿ ಇಳಿಸುವಾಗ ತಾಗಿ ಕಂದಿದ ಜಾಗ ಅಂದುಕೊಂಡೆ. ಕಂದಿದ್ದು ಕರಗುತ್ತದೆ. ಇದು ಕರಗಲಿಲ್ಲ. ಸ್ನಾನಕ್ಕೆ ಹೋದಾಗಲೆಲ್ಲ ಬೆರಳು ತಾನಾಗಿ ಅಲ್ಲಿಗೇ ಹೋಗುತ್ತಿತ್ತು, ಬೇಡವೆಂದರೂ ಹೋಗುತ್ತಿತ್ತು. ನಮ್ಮ ಯಜಮಾನರಿಗೆ ಹೇಳಿದರೆ ಅವರು ವ್ಯಾನಿನ ಬಾಗಿಲು ಹಾಕುವುದನ್ನೇ ಮರೆತು ನಿಂತರು. ಅಕ್ಕನಿಗೆ ಹೇಳಲು ನನಗೆ ಬಾಯಿ ಬರಲಿಲ್ಲ.

ಯಾಕೆ ಬರಲಿಲ್ಲ? ಅಕ್ಕನಿಗೂ ಇದೇ ಆಗಿತ್ತು, ಅದಕ್ಕೆ. ನಾನಿನ್ನೂ ಮೊದಲ ಕುರ್ಚಿ ಕೊಳ್ಳದಿದ್ದ ಕಾಲ ಅದು. ಆಗ ಅವಳು ಬಸ್ ನಿಲ್ದಾಣದಲ್ಲಿ ಟಿಕೆಟ್ ಕೌಂಟರಿನಲ್ಲಿದ್ದಳು. ಬೇರೆ ಊರಿನ ದೊಡ್ಡ ಆಸ್ಪತ್ರೆಯಲ್ಲಿ ಅವಳ ಒಂದು ಕಡೆಯನ್ನು ಪೂರ್ತಿ ತೆಗೆದರು. ಪೂರ್ತಿ ಅಂದರೆ, ಕೆಳಗಿನ ಮಾಂಸಖಂಡ ಸಮೇತ, ಕಂಕುಳು ಬಗೆದು. ಅಂದಿನಿಂದ ಅವಳ ಆ ಕಡೆಯ ಕೈ ಊದಿಕೊಂಡೇ ಇದೆ. ಟಿಕೆಟ್ ಹರಿಯಲಾಗದೆ ಕೆಲಸ ಬಿಟ್ಟಳು. ಈಗ ನಮ್ಮ ಅಂಗಡಿಯ ಫೋನು ಅವಳ ಕೈಯಲ್ಲಿ. ನಾಲ್ಕು ಕುರ್ಚಿ ಕಡಿಮೆ ವಾಪಸು ಬಂದರೆ ಗಿರಾಕಿಯ ಮನೆಯ ಸೋಫಾದವರೆಗೆ ಹೋಗಿ ಹುಡುಕಿಸುವವಳು ಅವಳು. ಇವತ್ತೂ ಇಲ್ಲೇ ಕೂತಿದ್ದಾಳೆ, ಯಾವ ಕುರ್ಚಿ ಅಂತ ಹೇಳುವುದಿಲ್ಲ. ಅಪ್ಪಣೆ ಕೇಳಿಯೇ ಬಂದಿದ್ದೇನೆ. "ಹೇಳೋದಾದ್ರೆ ನೆಟ್ಟಗೆ ಹೇಳು, ಅಯ್ಯೋ ಪಾಪ ಅನ್ನೋ ಥರ ಹೇಳ್ಬೇಡ" ಅಂದಿದ್ದಾಳೆ.

ಸೂಜಿ ಚುಚ್ಚಿ ಪರೀಕ್ಷೆ ಮಾಡಿದರು. ಅದೇ ಕಾಯಿಲೆ. ಡಾಕ್ಟರಮ್ಮನ ಕೋಣೆಗೆ ಅಕ್ಕನೂ ಬಂದಳು. ವಿಷಯ ಅವಳಿಗೆ ಯಜಮಾನರಿಂದ ಸೋರಿತ್ತು. ಕೋಣೆ ಚಿಕ್ಕದು. ಒಂದು ಮೇಜು, ಪರದೆಯ ಹಿಂದೆ ಎತ್ತರದ ಮಂಚ, ಕಿಟಕಿಯ ಗಾಜಿಗೆ ಅಂಟಿಸಿದ ಬಿಳಿ ಕಾಗದ. ಡಾಕ್ಟರಮ್ಮ ಒಂದು ಹಾಳೆಯ ಮೇಲೆ ವೃತ್ತ ಬರೆದು ಅದರೊಳಗೆ ಚುಕ್ಕೆ ಇಟ್ಟರು. ಎರಡು ದಾರಿ ಇವೆ ಎಂದರು. ಗಡ್ಡೆಯನ್ನು ಸುತ್ತಲಿನ ಒಂದು ಪದರ ಒಳ್ಳೆಯ ಮಾಂಸದೊಂದಿಗೆ ತೆಗೆದು ಉಳಿದದ್ದನ್ನು ಉಳಿಸಿ ಕಿರಣ ಕೊಡುವುದು ಒಂದು. ಪೂರ್ತಿ ತೆಗೆಯುವುದು ಇನ್ನೊಂದು. ನನ್ನಂಥ ಸಣ್ಣ ಗಡ್ಡೆಗೆ ಯಾವುದನ್ನು ಮಾಡಿದರೂ ಬದುಕುವ ಅವಕಾಶ ಒಂದೇ.

ನಾನು ವ್ಯಾಪಾರಿ. ಕಡಿಮೆಗೆ ಸಿಗುವುದು ಹೆಚ್ಚಿನದರಷ್ಟೇ ಒಳ್ಳೆಯದು ಅಂದರೆ ನಂಬುವವಳೇ ಅಲ್ಲ. ನನ್ನ ಕುರ್ಚಿಯ ಒಂದು ಕಾಲು ಬಿರುಕು ಬಿಟ್ಟರೆ ನಾನು ಇಡೀ ಕುರ್ಚಿಯನ್ನೇ ಗುಜರಿಗೆ ಹಾಕುತ್ತೇನೆ, ಕಟ್ಟು ಹಾಕಿ ಮತ್ತೆ ಕಳಿಸುವುದಿಲ್ಲ. ಯಾರಾದರೂ ಬಿದ್ದರೆ? ಇದನ್ನೇ ಡಾಕ್ಟರಮ್ಮನಿಗೆ ಹೇಳಿದೆ. ಅವರು ಕನ್ನಡಕ ತೆಗೆದು, "ನೀವು ಕುರ್ಚಿ ಅಲ್ಲ" ಅಂದರು. ಇಂಥ ಮಾತಿಗೆ ಚೌಕಾಸಿ ಹೇಗೆ ಮಾಡುವುದು, ನೀವೇ ಹೇಳಿ.

ಅಷ್ಟು ಹೊತ್ತು ಅಕ್ಕ ಆ ಹಾಳೆಯ ಚುಕ್ಕೆಯನ್ನೇ ನೋಡುತ್ತಿದ್ದಳು. ಆಮೇಲೆ ಕೇಳಿದಳು, "ಹಾಗಾದ್ರೆ ನಂದು ಸುಮ್ನೆ ತೆಗೆದ್ರಾ?"

ಸಭಿಕರೇ, ಬೇರೆ ಯಾವ ವೈದ್ಯರಾದರೂ ಏನಾದರೂ ಒಂದು ಸಮಾಧಾನ ಹೇಳಿ ಕಳಿಸುತ್ತಿದ್ದರು. ನಾನಾಗಿದ್ದರೆ ಖಂಡಿತ ಹೇಳುತ್ತಿದ್ದೆ. ನಮ್ಮ ಡಾಕ್ಟರಮ್ಮ ಹೇಳಲಿಲ್ಲ. "ನಿಮ್ಮ ಗಡ್ಡೆ ನಾನು ನೋಡಿಲ್ಲ. ಬೇಕಿತ್ತು ಅಂದ್ರೂ ಸುಳ್ಳಾಗುತ್ತೆ, ಬೇಕಿರಲಿಲ್ಲ ಅಂದ್ರೂ ಸುಳ್ಳಾಗುತ್ತೆ. ಆಗ ಎಲ್ಲರಿಗೂ ಅದನ್ನೇ ಮಾಡ್ತಿದ್ರು. ಅಷ್ಟೇ ಗೊತ್ತಿದ್ದದ್ದು."

ಅಕ್ಕ ಎದ್ದು ಹೊರಗೆ ಹೋದಳು. ಬಾಗಿಲನ್ನು ದಬಾರನೆ ಹಾಕಲಿಲ್ಲ, ಮೆಲ್ಲಗೆ ಎಳೆದುಕೊಂಡಳು. ನನಗೆ ಹೆಚ್ಚು ಹೆದರಿಕೆಯಾದದ್ದು ಅದಕ್ಕೇ. ಮನೆಗೆ ಬಂದ ಮೇಲೆ ಫೋನಿನಲ್ಲಿ ಗಿರಾಕಿಗಳ ಜೊತೆ ಮಾತು, ನನ್ನ ಜೊತೆ ಇಲ್ಲ. ಏನಾದರೂ ಹೇಳಬೇಕಾದರೆ ನಮ್ಮ ಯಜಮಾನರಿಗೆ ಹೇಳುವುದು, ನಾನು ಅಲ್ಲೇ ಪಕ್ಕದಲ್ಲಿ ಇದ್ದರೂ. ಯಜಮಾನರ ಅಭಿಪ್ರಾಯ ಕೇಳಿದೆ. "ನೀವಿಬ್ಬರೂ ಏನು ಹೇಳ್ತೀರೋ ಅದೇ" ಅಂದರು. ಮದುವೆಯಾದಾಗಿನಿಂದ ಅವರು ತಪ್ಪೇ ಮಾಡದಿರುವುದು ಹೀಗೆ.

ನಾನು ಉಳಿಸಿಕೊಳ್ಳುವ ದಾರಿಯನ್ನೇ ಹಿಡಿದೆ. ಧೈರ್ಯದಿಂದ ಅಂತ ತಿಳಿಯಬೇಡಿ. ಆಸೆಯಿಂದ. ಐವತ್ತು ದಾಟಿದ ಹೆಂಗಸಿಗೆ ಅದರ ಮೇಲೆ ಏನು ಆಸೆ ಅಂತ ಕೇಳುವವರು ಕೇಳಲಿ. ನನ್ನದು, ಅಷ್ಟೇ.

ಆಪರೇಷನ್ನಿನ ಹಿಂದಿನ ದಿನ ಡಾಕ್ಟರಮ್ಮ ಬಂದು, ನನ್ನನ್ನು ನೆಟ್ಟಗೆ ಕೂರಿಸಿ, ಪೆನ್ನಿನಿಂದ ಎದೆಯ ಮೇಲೆ ಗೆರೆ ಎಳೆದರು. ಮಲಗಿದರೆ ಎಲ್ಲ ಪಕ್ಕಕ್ಕೆ ಜಾರುತ್ತದಂತೆ, ಕೂತಾಗಲೇ ಗುರುತು ಹಾಕಬೇಕಂತೆ. ತೆಗೆದ ತುಂಡನ್ನು ಏನು ಮಾಡುತ್ತೀರಿ ಎಂದು ಕೇಳಿದೆ. ಅದಕ್ಕೆ ಎರಡು ದಾರ ಕಟ್ಟುತ್ತಾರಂತೆ. ಮೇಲ್ಗಡೆಗೆ ಗಿಡ್ಡ ದಾರ, ಕಂಕುಳ ಕಡೆಗೆ ಉದ್ದ ದಾರ. ಪ್ರಯೋಗಾಲಯದವರಿಗೆ ಯಾವ ಕಡೆ ಯಾವುದು ಅಂತ ತಿಳಿಯಬೇಕಲ್ಲ. ಅವರು ಅದಕ್ಕೆ ಬಣ್ಣದ ಶಾಯಿ ಹಚ್ಚಿ, ಸೀಳಿ, ಸುತ್ತಲಿನ ಅಂಚೆಲ್ಲ ಶುದ್ಧವಾಗಿದೆಯೇ ನೋಡುತ್ತಾರೆ. ಅಂಚು ಶುದ್ಧವಾಗಿದ್ದರೆ ಮುಗಿಯಿತು. ಇಲ್ಲದಿದ್ದರೆ? "ಇಲ್ಲದಿದ್ರೆ ಆಗ ನೋಡೋಣ." ವೈದ್ಯರು 'ನೋಡೋಣ' ಅಂದರೆ ಏನರ್ಥ ಅಂತ ಇಲ್ಲಿರುವ ಎಷ್ಟೋ ಜನಕ್ಕೆ ಗೊತ್ತು.

ಎಚ್ಚರವಾದಾಗ ಕಣ್ಣು ಬಿಡುವ ಮೊದಲೇ ಬಲಗೈ ಹೊದಿಕೆಯೊಳಗೆ ಹೋಯಿತು. ದಪ್ಪ ಬಟ್ಟೆಯ ಕಟ್ಟು. ಅದರ ಕೆಳಗೆ ಉಬ್ಬು ಇತ್ತು. ಇದೆ, ಇದೆ ಅಂದೆನಂತೆ. ದಾದಿ ಏನೋ ಕಳೆದುಹೋಗಿದೆ ಅಂದುಕೊಂಡು ಮಂಚದ ಕೆಳಗೆ ನೋಡಿದಳಂತೆ.

ಆಮೇಲೆ ವರದಿಗೆ ಕಾಯುವುದು. ಕಾರಿಡಾರಿನ ಬೆಂಚಿನ ಮೇಲೆ ಹೆಂಗಸರು ಸಾಲಾಗಿ ಕೂತಿರುತ್ತೇವೆ, ಎಲ್ಲರ ತೊಡೆಯ ಮೇಲೂ ಕಂದು ಲಕೋಟೆ. ಹವಾಮಾನದ ಮಾತಾಡುತ್ತೇವೆ, ಬಸ್ಸಿನ ರಶ್ಶಿನ ಮಾತಾಡುತ್ತೇವೆ. ಒಬ್ಬರ ಎದೆಯನ್ನು ಒಬ್ಬರು ನೋಡುವುದಿಲ್ಲ. ಒಳಗೆ ಹೋದವಳು ಹೊರಗೆ ಬಂದಾಗ ಎಲ್ಲರೂ ಅವಳ ಮುಖ ನೋಡಿ ತಕ್ಷಣ ನೆಲ ನೋಡುತ್ತೇವೆ. ಆ ದಿನ ನಾನು ಹೊರಗೆ ಬಂದಾಗ ಅವರೆಲ್ಲ ನೆಲ ನೋಡಿದ್ದು ನನಗೆ ಕಾಣಿಸಿತು.

ಉದ್ದ ದಾರದ ಕಡೆಯ ಅಂಚು ಶುದ್ಧವಾಗಿರಲಿಲ್ಲ.

ಈಗಲೂ ಎರಡು ದಾರಿ ಇವೆ ಎಂದರು ಡಾಕ್ಟರಮ್ಮ. ಮತ್ತೆ ತೆರೆದು ಆ ಅಂಚಿನಿಂದ ಇನ್ನೊಂದು ಹೋಳು ತೆಗೆಯಬಹುದು. ಇಲ್ಲವೇ ಪೂರ್ತಿ ತೆಗೆಯಬಹುದು. ಹೋಳು ಶುದ್ಧವಾಗಿ ಬಂದರೆ ಎರಡಕ್ಕೂ ವ್ಯತ್ಯಾಸವಿಲ್ಲ. ವ್ಯತ್ಯಾಸವಿಲ್ಲ ಅನ್ನುವ ಮಾತನ್ನು ನಾನು ಎರಡನೇ ಸಲ ಕೇಳುತ್ತಿದ್ದೆ, ಈ ಸಲ ಅದು ಕಿವಿಯೊಳಗೆ ಇಳಿಯಲೇ ಇಲ್ಲ. ನನ್ನ ಆಸೆಯೇ ನನ್ನನ್ನು ಕೊಲ್ಲುತ್ತಿದೆ ಅನ್ನಿಸಿತು. ಕಣ್ಣ ಮುಂದೆ ಇರುವ ಪುರಾವೆ ಯಾವುದು? ಪೂರ್ತಿ ತೆಗೆಸಿಕೊಂಡ ನಮ್ಮಕ್ಕ. ಬದುಕಿದ್ದಾಳೆ, ಗಿರಾಕಿಗಳಿಗೆ ಬೈಯುತ್ತಿದ್ದಾಳೆ. ಪೂರ್ತಿ ತೆಗೆದುಬಿಡಿ ಅಂತ ಹೇಳುವುದೆಂದು ನಿರ್ಧರಿಸಿಯೇ ಎರಡನೇ ಸಲ ವಾರ್ಡಿಗೆ ಸೇರಿದೆ.

ಬೆಳಿಗ್ಗೆ ಅಕ್ಕ ಬಂದಳು. ಮಾತು ಬಿಟ್ಟ ಮೇಲೆ ಮೊದಲ ಸಲ ನನ್ನ ಮಂಚದ ಮೇಲೆ ಕೂತಳು. "ಏ ಪುಟ್ಟಿ, ಯಾಕೆ ನಡುಗ್ತಿದೀಯ?" ಅಂದಳು. ಚಳಿ ಅಂದೆ. ಮುಚ್ಚು ಬಾಯಿ ಅಂದಳು. ಆಮೇಲೆ ಪರದೆ ಎಳೆದು, ನನಗೆ ಬೆನ್ನು ಹಾಕಿ, ಊದಿದ ಕೈಯಿಂದ ನಿಧಾನವಾಗಿ ಒಂದೊಂದೇ ಗುಂಡಿ ಬಿಚ್ಚಿದಳು.

ಒಂದೇ ಮನೆಯಲ್ಲಿ ಇಷ್ಟು ವರ್ಷ ಇದ್ದೇವೆ. ಒಮ್ಮೆಯೂ ನೋಡಿರಲಿಲ್ಲ ನಾನು. ನೋಡುವುದು ಹಾಗಿರಲಿ, ಕೇಳಿಯೂ ಇರಲಿಲ್ಲ.

"ನೋಡು. ಇಷ್ಟೇ. ಇದಕ್ಕೆ ಹೆದರ್ತಾರಾ?" ಅಂತ ಈ ಕಡೆ ತಿರುಗಿದಳು.

ನೆಟ್ಟಗೆ ಹೇಳು ಅಂದಿದ್ದಾಳೆ, ಹೇಳುತ್ತೇನೆ. ಅಲ್ಲಿ ಚಪ್ಪಟೆಯಾಗಿರುತ್ತದೆ ಅಂದುಕೊಂಡಿದ್ದೆ. ಚಪ್ಪಟೆ ಇರಲಿಲ್ಲ, ಹಳ್ಳ ಇತ್ತು. ಕೊರಳ ಮೂಳೆಯ ಕೆಳಗೆ ಹಳ್ಳ, ಅದರ ಕೆಳಗೆ ಪಕ್ಕೆಲುಬಿನ ಮೇಲೆ ನೇರವಾಗಿ ಬಿಗಿದ ತೆಳು ಚರ್ಮ. ಉಸಿರೆಳೆದರೆ ಪಕ್ಕೆಲುಬು ಎಣಿಸಬಹುದು. ತೋಳಿನಿಂದ ಹೊಟ್ಟೆಯವರೆಗೆ ಓರೆಯಾಗಿ ಹಗ್ಗದಂಥ ಗಾಯದ ಗುರುತು. ಅವಳು ನನಗೆ ಧೈರ್ಯ ಹೇಳಲು ತೋರಿಸಿದ್ದು. ನಾನು ಮಾರುಕಟ್ಟೆಯಲ್ಲಿ ಎಂಥೆಂಥವರ ಮುಂದೆಯೂ ಮನಸ್ಸಿನದನ್ನು ಮುಖದ ಮೇಲೆ ತೋರಗೊಡದವಳು. ನಷ್ಟವಾದಾಗ ನಕ್ಕಿದ್ದೇನೆ, ಲಾಭವಾದಾಗ ಅತ್ತಿದ್ದೇನೆ. ಆ ಒಂದು ಕ್ಷಣ ಮಾತ್ರ ನನ್ನ ಮುಖ ನನ್ನ ಕೈಯಲ್ಲಿ ಇರಲಿಲ್ಲ.

ಅಕ್ಕ ನನ್ನ ಎದೆಯನ್ನಲ್ಲ, ಮುಖವನ್ನೇ ನೋಡುತ್ತಿದ್ದಳು.

ಗುಂಡಿ ಹಾಕಿಕೊಂಡಳು. ಕೊನೆಯ ಗುಂಡಿಗೆ ಕೈ ಸೋತಿತು, ಅದನ್ನು ಹಾಗೇ ಬಿಟ್ಟಳು. ಡಾಕ್ಟರಮ್ಮ ಬಂದು ಏನು ತೀರ್ಮಾನ ಮಾಡಿದಿರಿ ಎಂದು ನನ್ನನ್ನು ಕೇಳಿದರು. ನನ್ನ ಬಾಯಿ ತೆರೆಯಿತು, ಮಾತು ಬಂದದ್ದು ಅಕ್ಕನ ಬಾಯಿಂದ.

"ಅಂಚು ಮಾತ್ರ ತೆಗೀರಿ."

ಡಾಕ್ಟರಮ್ಮ ಅವಳ ಮಾತು ಕೇಳಿಸಿಕೊಂಡರು, ಆದರೆ ನನ್ನ ಕಡೆಯೇ ನೋಡುತ್ತ ನಿಂತರು. "ನೀವು ಹೇಳ್ಬೇಕು" ಅಂದರು. ನಾನು ಅಕ್ಕನನ್ನು ನೋಡಿದೆ. ಅವಳು ಪರದೆಯ ಉಂಗುರಗಳನ್ನು ನೋಡುತ್ತಿದ್ದಳು. "ಅಂಚು ಮಾತ್ರ" ಅಂತ ನಾನೂ ಹೇಳಿದೆ. ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದೆ.

ಎರಡನೇ ವರದಿ ಶುದ್ಧವಾಗಿ ಬಂತು. ಎಲ್ಲ ಅಂಚೂ ಶುದ್ಧ. ಚಪ್ಪಾಳೆ ತಟ್ಟಬೇಡಿ, ಇನ್ನೂ ಮುಗಿದಿಲ್ಲ.

ಮುಗಿಯುವುದು ಯಾವಾಗ ಅಂತ ಯಾರೂ ಹೇಳುವುದಿಲ್ಲ. ಆರಾರು ತಿಂಗಳಿಗೊಮ್ಮೆ ಹೋಗುತ್ತೇನೆ. ಆ ತಣ್ಣನೆಯ ಯಂತ್ರದ ಎರಡು ಹಲಗೆಗಳ ನಡುವೆ ಉಳಿದದ್ದನ್ನು ಇಟ್ಟು ಅಮುಕುತ್ತಾರೆ. ಉಸಿರು ಹಿಡಿಯಿರಿ ಅನ್ನುತ್ತಾರೆ. ಹಿಡಿಯಿರಿ ಅಂತ ಬೇರೆ ಹೇಳಬೇಕೇ? ಗೋದಾಮಿನಲ್ಲಿ ಕುರ್ಚಿಯ ಸಾಲು ಕುಸಿದು ಸದ್ದಾದರೂ ನನ್ನ ಕೈ ಮೊದಲು ಹೋಗುವುದು ಎಡಗಡೆಗೆ. ಗಾಯದ ಗುರುತಿನ ಗಂಟನ್ನು ಮುಟ್ಟಿ ಇದು ಹಳೆಯದೋ ಹೊಸದೋ ಅಂತ ಗಾಬರಿಯಾಗುತ್ತೇನೆ. ಇಷ್ಟು ದಿನ ಗಾಬರಿಯಾದಾಗ ಡಾಕ್ಟರಮ್ಮ ಇದ್ದರು. ಬೆರಳಿಟ್ಟು ನೋಡಿ, "ಹಳೇದು, ಮನೆಗೆ ಹೋಗಿ" ಅನ್ನುತ್ತಿದ್ದರು. ನಾಳೆಯಿಂದ ಆ ಬೆರಳು ಯಾರದು? ಅವರಿಗೆ ವಿಶ್ರಾಂತಿ ಬೇಕು, ನಿಜ. ಆದರೂ ಸಭಿಕರೇ, ಬೀಳ್ಕೊಡುಗೆ ಎಂಬ ಪದ ಕೇಳಿದಾಗ ನನಗೆ ಮೊದಲು ಬಂದದ್ದು ದುಃಖವಲ್ಲ, ಭಯ.

ಅದಕ್ಕಿಂತ ದೊಡ್ಡ ಭಯ ಒಂದಿದೆ. ಇದನ್ನು ಹೇಳಬೇಕೆಂದು ಬರೆದುಕೊಂಡು ಬಂದಿರಲಿಲ್ಲ. ಅಕ್ಕ ಅವತ್ತು ಆ ಮಾತು ಹೇಳಿದ್ದು ಡಾಕ್ಟರಮ್ಮನ ಲೆಕ್ಕ ನಂಬಿಯೋ, ನನ್ನ ಮುಖ ನೋಡಿಯೋ? ನಾನು ಕೇಳಿಲ್ಲ. ಅವಳು ಹೇಳಿಲ್ಲ. ನಾಳೆ ಅದು ವಾಪಸು ಬಂದರೆ ನಾನು ಸಾಯುವುದು ಒಂದು ವಿಷಯ. ಅವಳು ಬದುಕಿದ್ದು, ತಾನು ಹೇಳಿದ ಆ ಒಂದು ಮಾತನ್ನು ಫೋನಿನ ಪಕ್ಕ ಕೂತು ದಿನವೂ ನೆನೆಯುವುದು ಇನ್ನೊಂದು. ತಪಾಸಣೆಗೆ ಹೋಗುವಾಗ ನಾನು ಹೆದರುವುದು ಈ ಎರಡನೆಯದಕ್ಕೆ.

ಅಧ್ಯಕ್ಷರು ಮತ್ತೆ ಗಡಿಯಾರ ನೋಡಿದರು. ಮುಗಿಸುತ್ತೇನೆ. ಕೊನೆಗೆ ಯಾರಿಗೆ ಏನು ಬಂತು?

ಡಾಕ್ಟರಮ್ಮನಿಗೆ: ಒಂದು ನೆನಪಿನ ಕಾಣಿಕೆ, ಅದರ ಧೂಳು ಒರೆಸುವ ಕೆಲಸ, ಮತ್ತು ನಾಳೆ ಬೆಳಿಗ್ಗೆ ಯಾರೂ ಎಬ್ಬಿಸದ ನಿದ್ದೆ.

ಆಸ್ಪತ್ರೆಗೆ: ಆ ಕಾರಿಡಾರಿಗೆ ಬೆನ್ನು ಒರಗಿಸಬಹುದಾದ ಕುರ್ಚಿಗಳು. ಬಾಡಿಗೆ ಇಲ್ಲ, ವಾಪಸು ಕೇಳುವುದಿಲ್ಲ.

ನಮ್ಮ ಯಜಮಾನರಿಗೆ: ಮೊದಲಿನ ಹೆಂಡತಿಯೇ, ಸ್ವಲ್ಪ ಕಡಿಮೆ ಮಾಲು.

ಅಕ್ಕನಿಗೆ: ಎರಡನೇ ವರದಿ ಬಂದ ದಿನ ಡಾಕ್ಟರಮ್ಮ ಬರೆದುಕೊಟ್ಟ, ಊದಿದ ಕೈಗೆ ಹಾಕುವ ಬಿಗಿ ತೋಳುಪಟ್ಟಿ, ಅಂಥದ್ದೊಂದು ಇದೆ ಅಂತ ಅವತ್ತಿನವರೆಗೆ ಯಾರೂ ಅವಳಿಗೆ ಹೇಳಿರಲಿಲ್ಲ. ಉಳಿದ ಕಡೆಯನ್ನು ಅದೇ ದಿನ ಡಾಕ್ಟರಮ್ಮನಿಂದ ಮುಟ್ಟಿ ನೋಡಿಸಿಕೊಂಡು ಪಡೆದ 'ಏನೂ ಇಲ್ಲ' ಎಂಬ ಮಾತು. 'ನಂದು ಸುಮ್ನೆ ತೆಗೆದ್ರಾ' ಅನ್ನುವ ಅವಳ ಪ್ರಶ್ನೆಗೆ ಉತ್ತರ: ಬಂದಿಲ್ಲ.

ನನಗೆ: ಎಡಗಡೆಯ ಮುಕ್ಕಾಲು ಪಾಲು, ಮತ್ತು ಗುರುವಾರ ಬೆಳಿಗ್ಗೆಯ ತಪಾಸಣೆ. ಅಕ್ಕ ಜೊತೆಗೆ ಬರುತ್ತಾಳೆ. ಹೆದರಿಕೆ ಇಬ್ಬರಿಗೂ ಸಮಪಾಲು.

ಇಷ್ಟು ಹೊತ್ತು ಕುರ್ಚಿ ಮುರಿಯದೆ ಕೂತು ಕೇಳಿದ್ದಕ್ಕೆ ನಿಮಗೆಲ್ಲ ಕೃತಜ್ಞತೆಗಳು. ನಮಸ್ಕಾರ.